ಭೂವಿಜ್ಞಾನದ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವುದನ್ನು ಕಲಿಸುವ ಬಗೆ

ರಜೆಯಲ್ಲಿ ಎಂಟು-ಹತ್ತು ವಾರ ಸಂಶೋಧನೆ ಮಾಡಲು ಪದವಿ ವಿದ್ಯಾರ್ಥಿಯೊಬ್ಬಳು ಬರುತ್ತಾಳೆ. ಗೈಡ್, ಅಂದರೆ ಸಂಶೋಧನೆ ಮಾಡಿಸುವ ಪ್ರಾಧ್ಯಾಪಕರು, ಅವಳನ್ನು ಮೂರನೇ ವರ್ಷದ ಪಿಎಚ್‌.ಡಿ. ವಿದ್ಯಾರ್ಥಿಯ ಹತ್ತಿರ ಕರೆತಂದು, “ಇವಳನ್ನು ನಿನ್ನ ಜೊತೆ ಸೇರಿಸಿಕೋ, ಏನಾದರೂ ಕೆಲಸ ಕೊಡು” ಎಂದು ಹೇಳಿ ಹೊರಡುತ್ತಾರೆ. ಅಲ್ಲಿಂದ ಅವನು ಮಾರ್ಗದರ್ಶಕ. ಕಲ್ಲು ಪುಡಿ ಮಾಡಿ ಅದರಿಂದ ಜಿರ್ಕಾನ್ ಎಂಬ ಖನಿಜದ ಕಣ ಬೇರ್ಪಡಿಸುವುದು ಅವನಿಗೆ ಚೆನ್ನಾಗಿ ಗೊತ್ತು. ಅದೇ ಕೆಲಸವನ್ನು ಇನ್ನೊಬ್ಬರ ಕೈಯಿಂದ ಮಾಡಿಸುವುದು ಗೊತ್ತಿಲ್ಲ. ಮೊದಲನೆಯದಕ್ಕೆ ಮೂರು ವರ್ಷ ತರಬೇತಿ ಸಿಕ್ಕಿದೆ, ಎರಡನೆಯದಕ್ಕೆ ಮೂರು ನಿಮಿಷವೂ ಸಿಕ್ಕಿಲ್ಲ.

ಭೂವಿಜ್ಞಾನದಲ್ಲಿ ಈ ಕೊರತೆ ಬೇಗ ಕಾಣಿಸಿಕೊಳ್ಳುತ್ತದೆ. ಒಂದು ಸಣ್ಣ ಯೋಜನೆಯೂ ಬಯಲು, ಪ್ರಯೋಗಾಲಯ, ಕಂಪ್ಯೂಟರ್ ಎಂಬ ಮೂರು ಜಾಗ ದಾಟಿ ಬರಬೇಕು. ಮೂರರಲ್ಲೂ ಆಗುವ ತಪ್ಪಿನ ಬಗೆ ಬೇರೆ, ಅದಕ್ಕೆ ತೆರುವ ಬೆಲೆ ಬೇರೆ. ಪ್ರವಾಹ ಕೊಚ್ಚಿಕೊಂಡು ಹೋದ ದಂಡೆಯನ್ನು ಮರುವಾರ ಮತ್ತೆ ಅಳೆಯಲಾಗದು. ಶಾಲೆಯಲ್ಲಿ ಭೂವಿಜ್ಞಾನವನ್ನೇ ಓದದೆ ಬಂದವರು ಬಹಳ. ಇಷ್ಟೆಲ್ಲದರ ನಡುವೆ ಕಿರಿಯರ ಮೊದಲ ಸಂಶೋಧನಾ ಅನುಭವ ಹೇಗಿರುತ್ತದೆ ಎಂಬುದು, ದಿನಾ ಅವರ ಪಕ್ಕ ಕೂರುವ ಆ ಹಿರಿಯ ವಿದ್ಯಾರ್ಥಿಯ ಮೇಲೆ ನಿಂತಿರುತ್ತದೆ. ಈ ಹಿರಿಯ ವಿದ್ಯಾರ್ಥಿಗಳನ್ನು ತಯಾರು ಮಾಡುವುದು ವಿಭಾಗದ ಹೊಣೆ. ಅದನ್ನು ಹೇಗೆ ಮಾಡಬಹುದು, ಎಲ್ಲೆಲ್ಲಿ ಎಡವುತ್ತೇವೆ ಎಂಬುದಷ್ಟೇ ಈ ಬರಹ.

ಕೈಗೆ ಗೊತ್ತಿರುವುದನ್ನು ಬಾಯಿಗೆ ತರುವುದು

ಮೊದಲ ತರಗತಿಯಲ್ಲಿ ಭಾಷಣ ಬೇಡ, ಒಂದು ಅಭ್ಯಾಸ ಸಾಕು. ಬೇರೆ ಬೇರೆ ಶಾಖೆಯ ಇಬ್ಬರನ್ನು ಜೋಡಿ ಮಾಡಿ: ಭೂಕಂಪನದ ದತ್ತಾಂಶ ನೋಡುವವನ ಎದುರಿಗೆ ಶಿಲಾಪದರಗಳನ್ನು ಅಳೆಯುವವಳು. ಕಲ್ಲುಪದರದ ಸ್ಟ್ರೈಕ್ (ಪದರದ ಮೇಲಿನ ಸಮತಟ್ಟು ಗೆರೆಯ ದಿಕ್ಕು) ಮತ್ತು ಡಿಪ್ (ಪದರ ಇಳಿಯುವ ಕೋನ) ಅಳೆಯುವುದನ್ನು ಅವಳು ಬರೀ ಮಾತಿನಲ್ಲಿ ಅವನಿಗೆ ಕಲಿಸಬೇಕು, ಕಾಂಪಸ್ ಮುಟ್ಟುವಂತಿಲ್ಲ. ಅವನು ಹೇಳಿದಷ್ಟನ್ನೇ ಮಾಡಬೇಕು, ಊಹಿಸಿ ಮುಂದಕ್ಕೆ ಹೋಗುವಂತಿಲ್ಲ. ಮೂರನೆಯವರೊಬ್ಬರು ಪಕ್ಕದಲ್ಲಿ ಕೂತು, ಕೆಲಸ ಎಲ್ಲೆಲ್ಲಿ ನಿಂತುಹೋಯಿತು ಎಂದು ಬರೆದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷ, ಆಮೇಲೆ ಪಾತ್ರ ಅದಲುಬದಲು.

ಸಾಮಾನ್ಯವಾಗಿ ಅವಳು “ಕಾಂಪಸ್ಸಿನ ಅಂಚನ್ನು ಪದರಕ್ಕೆ ತಾಗಿಸು, ಗುಳ್ಳೆಯನ್ನು ನಡುವಿಗೆ ತಾ, ಓದು” ಎಂದು ಶುರುಮಾಡುತ್ತಾಳೆ. ಅದಕ್ಕೂ ಮುಂಚಿನ ಹೆಜ್ಜೆಗಳೆಲ್ಲ ಅವಳ ಕಣ್ಣಿಗೇ ಬಿದ್ದಿರುವುದಿಲ್ಲ. ಈ ಕಲ್ಲು ತನ್ನ ಮೂಲ ಜಾಗದಲ್ಲೇ ಇದೆಯೇ, ಉರುಳಿ ಬಂದ ಗುಂಡೇ? ಕಾಣುತ್ತಿರುವ ಸಮತಲ ಪದರವೇ, ಸೀಳೇ? ಮೈ ಒರಟಾಗಿದ್ದರೆ ನೋಟ್‌ಬುಕ್ಕನ್ನು ಅದರ ಮೇಲಿಟ್ಟು ಸರಾಸರಿ ಸಮತಲ ಹಿಡಿಯಬೇಕೇ? ಸುತ್ತಿಗೆ, ಫೋನ್ ಎಷ್ಟು ದೂರ ಇರಬೇಕು? ಬಂಡೆಯಲ್ಲೇ ಅಯಸ್ಕಾಂತ ಗುಣವಿದೆಯೇ? ಕಾಂಪಸ್‌ನಲ್ಲಿ ಆ ಜಾಗದ ಕಾಂತೀಯ ದಿಕ್ಪಾತವನ್ನು (ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಕೋನ) ಮೊದಲೇ ಹೊಂದಿಸಿದೆಯೇ? ಹೊಂದಿಸಿದ್ದೂ ಸಾಲದೆಂಬಂತೆ ಸಂಜೆ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ತಿದ್ದಿ, ನಕ್ಷೆಯನ್ನು ಅಷ್ಟು ಡಿಗ್ರಿ ತಿರುಚಿಬಿಡುವುದು ಬಹಳ ಮಾಮೂಲಿ ತಪ್ಪು. ಕೊನೆಗೆ ಬರೆಯುವ ಪದ್ಧತಿ: ಡಿಪ್ ಬಲಗಡೆಗೆ ಬರುವ ಹಾಗೆ ಸ್ಟ್ರೈಕ್ ಓದುವವರಿದ್ದಾರೆ, ಡಿಪ್ ಮತ್ತು ಅದರ ದಿಕ್ಕನ್ನಷ್ಟೇ ಬರೆಯುವವರೂ ಇದ್ದಾರೆ. ಗುಂಪು ಯಾವುದನ್ನು ಪಾಲಿಸುತ್ತದೆ ಎಂದು ಹೇಳದಿದ್ದರೆ ಅರ್ಧ ಅಳತೆಗಳು ತಪ್ಪು ದಿಕ್ಕಿಗೆ ತಿರುಗಿ ನಿಲ್ಲುತ್ತವೆ.

ಪಳಗಿದವರಿಗೆ ಇಪ್ಪತ್ತು ಸೆಕೆಂಡಿನ ಕೆಲಸ ಇದು. ಹೊಸಬರು ಸಿಕ್ಕಿಬೀಳುವುದು ಕಾಂಪಸ್ ಹಿಡಿಯುವುದರಲ್ಲಲ್ಲ, “ಯಾವ ಸಮತಲ?” ಎಂಬ ಮೊದಲ ಪ್ರಶ್ನೆಯಲ್ಲಿ. ಮಾರ್ಗದರ್ಶಕಿಗೆ ಅದು ಪ್ರಶ್ನೆಯೆಂದೇ ಅನಿಸಿರುವುದಿಲ್ಲ. ತಾನು ಬಿಟ್ಟುಬಿಟ್ಟ ಹೆಜ್ಜೆಗಳ ಪಟ್ಟಿಯನ್ನು ಮೂರನೆಯವರು ಓದಿ ಹೇಳಿದಾಗ ಆಗುವ ಅರಿವು ಯಾವ ಉಪನ್ಯಾಸದಿಂದಲೂ ಬರುವುದಿಲ್ಲ. ಇಡೀ ತರಬೇತಿಯಲ್ಲಿ ಒಂದೇ ಒಂದು ಅಭ್ಯಾಸ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಇದರ ಮುಂದುವರಿಕೆಯಾಗಿ ಪ್ರತಿಯೊಬ್ಬರೂ ತಮ್ಮ ಮುಖ್ಯ ವಿಧಾನವನ್ನು ಎರಡು ಪುಟ ಮೀರದಂತೆ ಬರೆದು ತರಲಿ. ಅಂಚಿನಲ್ಲಿ ಮೂರು ಗುರುತು ಬೇಕು: ಹಿಂತಿರುಗಲಾಗದ ಹೆಜ್ಜೆ ಎಲ್ಲಿ, ಕಾಯಬೇಕಾದದ್ದು ಎಲ್ಲಿ, ಅಂದಾಜು ಮಾಡಿ ತೀರ್ಮಾನಿಸಬೇಕಾದದ್ದು ಎಲ್ಲಿ. ಮೂರನೆಯ ಗುರುತು ಬಿದ್ದ ಕಡೆಯಲ್ಲೇ ಮಾರ್ಗದರ್ಶಕರು ಪಕ್ಕದಲ್ಲಿ ಇರಬೇಕು. ಉಳಿದ ಕಡೆ ಬರೆದ ಹಾಳೆಯೇ ಸಾಕು.

ಐವತ್ತು ದಿನಗಳ ಲೆಕ್ಕ

ಕಿರಿಯರ ಯೋಜನೆಗಳು ಸೋಲುವುದು ಹೆಚ್ಚಾಗಿ ಅವರು ಬರುವ ಮುಂಚೆಯೇ. ಪಿಎಚ್‌.ಡಿ. ವಿದ್ಯಾರ್ಥಿ ತನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಕತ್ತರಿಸಿ “ಇದನ್ನು ಮಾಡು” ಎಂದು ಕೊಟ್ಟುಬಿಡುತ್ತಾನೆ. ತನಗೆ ಹದಿನೆಂಟು ತಿಂಗಳು ಹಿಡಿದದ್ದು ಇನ್ನೊಬ್ಬರಿಗೆ ಹತ್ತು ವಾರದಲ್ಲಿ ಆಗಲಿ ಎಂಬ ಆಸೆ. ತರಬೇತಿಯಲ್ಲಿ ಅವನ ಕೈಗೆ ಒಂದು ಹಾಳೆ ಕೊಟ್ಟು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಲು ಹೇಳಿ.

ಹತ್ತು ವಾರ ಎಂದರೆ ಕೆಲಸದ ದಿನ 50. ಪೋಸ್ಟರ್ ಮಾಡಿ, ಎರಡು ಸಲ ಅಭ್ಯಾಸ ಮಾಡಿ, ದತ್ತಾಂಶ ಒಪ್ಪಿಸಿ ಹೋಗಲು ಕೊನೆಯ 7 ದಿನ. ಸುರಕ್ಷತೆಯ ಪಾಠ, ಬೀಗದ ಕೈ, ಕಂಪ್ಯೂಟರ್ ಖಾತೆ, ಪರಿಚಯಕ್ಕೆ ಮೊದಲ 5. ಯಂತ್ರ ಕೆಡುವುದು, ಮಳೆ ಹಿಡಿಯುವುದು, ಜ್ವರ ಬರುವುದು ಇವಕ್ಕೆಲ್ಲ ಸೇರಿ 10 ದಿನ ಎತ್ತಿಡಲೇಬೇಕು. ಉಳಿದದ್ದು 28. ಯೋಜನೆ ಈ 28 ದಿನದೊಳಗೆ ಕೂರದಿದ್ದರೆ ಅದನ್ನು ಚಿಕ್ಕದು ಮಾಡಬೇಕೇ ಹೊರತು ವಿದ್ಯಾರ್ಥಿಯ ನಿದ್ದೆಯನ್ನಲ್ಲ.

ಈಗ ಆ ಹಾಳೆಯ ಮೇಲೆ ಬೇರೆಯವರ ಕೈಯಲ್ಲಿರುವ ಹೆಜ್ಜೆಗಳಿಗೆ ಕೆಂಪು ಗೆರೆ ಎಳೆಯಿರಿ. ಸೂಕ್ಷ್ಮದರ್ಶಕಕ್ಕೆ ಬೇಕಾದ ತೆಳುಛೇದವನ್ನು ಕಲ್ಲಿನಿಂದ 30 ಮೈಕ್ರಾನ್ ದಪ್ಪಕ್ಕೆ ಅರೆದು ಮಾಡಬೇಕು. ಹೊರಗೆ ಕಳಿಸಿದರೆ ವಾರಗಳೇ ಹಿಡಿಯಬಹುದು. ಮರಳುಗಲ್ಲು ಎಲ್ಲಿಂದ ಕೊಚ್ಚಿ ಬಂತು ಎಂದು ಜಿರ್ಕಾನ್ ವಯಸ್ಸಿನಿಂದ ಹುಡುಕುವ ಯೋಜನೆಯಾದರೆ ಪುಡಿ ಮಾಡುವುದು, ಜರಡಿ, ಭಾರದ್ರವ (ಭಾರದ ಕಣಗಳಷ್ಟೇ ಮುಳುಗುವ ದ್ರವ), ಅಯಸ್ಕಾಂತ, ಕಣ ಆರಿಸಿ ಅಂಟಿಸುವುದು, ನುಣುಪು ಮಾಡುವುದು, ಆಮೇಲೆ ಯಂತ್ರದ ಸರದಿ. ಅದರ ಮೇಲೆ ಎಣಿಕೆಯ ಪ್ರಶ್ನೆ. ಒಟ್ಟು ಕಣಗಳಲ್ಲಿ ನೂರಕ್ಕೆ ಐದು ಅಥವಾ ಹೆಚ್ಚು ಪಾಲು ಇರುವ ಯಾವ ವಯಸ್ಸಿನ ಗುಂಪೂ ಕಣ್ತಪ್ಪಿಲ್ಲ ಎಂದು 95 ಪ್ರತಿಶತ ಭರವಸೆಯಿಂದ ಹೇಳಬೇಕಾದರೆ, ಅತಿ ಕಷ್ಟದ ಸಂದರ್ಭದಲ್ಲೂ ಸಾಕಾಗುವಂತೆ, ಒಂದು ಸ್ಯಾಂಪಲ್‌ಗೆ 117 ಕಣ ಬೇಕು. ಐದು ಸ್ಯಾಂಪಲ್ ಎಂದರೆ ಸುಮಾರು 600. ಈ ಲೆಕ್ಕವನ್ನು ಮೊದಲೇ ಹಾಕಿದ ಮಾರ್ಗದರ್ಶಕ ತಾನಾಗಿಯೇ “ಕಣ ಬೇರ್ಪಡಿಸಿ ಅಂಟಿಸಿದ ಸ್ಯಾಂಪಲ್ ಕೊಡೋಣ, ಅವಳು ವಯಸ್ಸಿನ ಭಾಗ ಮಾಡಲಿ” ಎಂಬಲ್ಲಿಗೆ ಬರುತ್ತಾನೆ.

ನಮ್ಮ ಸಲಹೆ: ಒಂದು ಪ್ರಶ್ನೆ, ಒಂದು ಮುಖ್ಯ ವಿಧಾನ, ಒಂದು ಬದಲಿ ದಾರಿ. ಬದಲಿ ದಾರಿಯೆಂದರೆ ಯಂತ್ರವೂ ಇಲ್ಲ, ಪ್ರವಾಸವೂ ಇಲ್ಲ ಎಂದಾದರೂ ಅದೇ ಪ್ರಶ್ನೆಗೆ ಉತ್ತರ ಹುಡುಕಬಹುದಾದ ಸಾಮಗ್ರಿ: ಕಪಾಟಿನಲ್ಲಿರುವ ಹಳೆಯ ಸ್ಯಾಂಪಲ್, ಸಾರ್ವಜನಿಕವಾಗಿ ಸಿಗುವ ಭೂಕಂಪನ ದಾಖಲೆ, ಉಪಗ್ರಹ ಚಿತ್ರ. ಇದು ಮೊದಲ ದಿನಕ್ಕೆ ಮುಂಚೆಯೇ ಬರೆದಿಟ್ಟಿರಬೇಕು. ಐದನೇ ವಾರದಲ್ಲಿ ಯಂತ್ರ ಕೆಟ್ಟಾಗ ಹುಡುಕಲು ಹೊರಟರೆ, ಸಿಗುವುದು ಪ್ರಶ್ನೆಗೂ ತನಗೂ ಸಂಬಂಧವಿಲ್ಲದ ಕೆಲಸ.

ಇನ್ನೊಂದು ಮಾತು: ಮೊದಲ ವಾರದಲ್ಲೇ ವಿದ್ಯಾರ್ಥಿಯ ಕೈಯಿಂದ ಒಂದು ನಿಜವಾದ ಅಂಕಿ ಹುಟ್ಟಬೇಕು. ಎರಡು ವಾರ ಬರೀ ಲೇಖನ ಓದಿಸುವುದು ಒಳ್ಳೆಯ ಆರಂಭ ಅನಿಸಬಹುದು. ಹೊಸಬರಿಗೆ ಅದು ಗೋಡೆ. ಕೆರೆಯ ತಳದ ಹೂಳನ್ನು ಸುಟ್ಟು ತೂಕ ನೋಡುವ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಣಗಿಸಿ ತೂಗು. 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು ತೂಗು, ಹೋದದ್ದು ಸಾವಯವ ಅಂಶ. 950 ಡಿಗ್ರಿಯಲ್ಲಿ 2 ಗಂಟೆ ಸುಟ್ಟು ತೂಗು, ಹೋದದ್ದು ಕಾರ್ಬೊನೇಟಿನ ಕಾರ್ಬನ್ ಡೈಆಕ್ಸೈಡ್. ಎರಡು-ಮೂರು ದಿನದಲ್ಲಿ ಒಂದು ಸುತ್ತು ಮುಗಿದು, ಆಳಕ್ಕೆ ತಕ್ಕಂತೆ ಬದಲಾಗುವ ಗೆರೆಯೊಂದು ಅವಳೇ ಬರೆದ ಗ್ರಾಫಿನಲ್ಲಿ ಕಾಣಿಸುತ್ತದೆ. ಕಲಿಯಲು ಬೇಕಾದ ಎಡವಟ್ಟುಗಳೂ ಇದರಲ್ಲಿ ಧಾರಾಳ. ಕ್ರೂಸಿಬಲ್ (ಸುಡಲು ಬಳಸುವ ಪುಟ್ಟ ಬಟ್ಟಲು) ಮೇಲೆ ಮಾರ್ಕರ್ ಪೆನ್ನಿನಿಂದ ಬರೆದ ಸಂಖ್ಯೆ ಕುಲುಮೆಯಲ್ಲಿ ಸುಟ್ಟುಹೋಗುತ್ತದೆ, ಹಾಗಾಗಿ ಯಾವುದು ಎಲ್ಲಿ ಇದೆ ಎಂಬ ಚಿತ್ರ ನೋಟ್‌ಬುಕ್ಕಿನಲ್ಲಿ ಇರಬೇಕು. ಬಿಸಿ ಕ್ರೂಸಿಬಲ್ಲನ್ನು ತೂಗಿದರೆ ಮೇಲೇಳುವ ಗಾಳಿಗೆ ತೂಕ ಕಡಿಮೆ ಬರುತ್ತದೆ; ಹೊರಗಿಟ್ಟು ಆರಿಸಿದರೆ ತೇವ ಹೀರಿ ಹೆಚ್ಚು ಬರುತ್ತದೆ. ಡೆಸಿಕೇಟರ್ (ತೇವ ತಾಗದಂತೆ ಆರಿಸುವ ಮುಚ್ಚಿದ ಪಾತ್ರೆ) ಯಾಕೆ ಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ.

“ಅರ್ಥವಾಯಿತಾ?” ಎಂಬ ಪ್ರಶ್ನೆ

ಈ ಪ್ರಶ್ನೆಯನ್ನು ತರಬೇತಿಯಲ್ಲಿ ನಿಷೇಧಿಸಬೇಕು. ಹಿರಿಯರು ಕೇಳಿದರೆ ಎಲ್ಲರೂ “ಹೂಂ” ಎನ್ನುತ್ತಾರೆ. ಅರ್ಥವಾಗಿಲ್ಲ ಎನ್ನಲು ಏನು ಅರ್ಥವಾಗಿಲ್ಲ ಎಂಬುದಾದರೂ ಗೊತ್ತಿರಬೇಕು, ಹೊಸಬರಿಗೆ ಅದೂ ಗೊತ್ತಿರುವುದಿಲ್ಲ. ಅದರ ಬದಲು ಕೆಲಸವನ್ನೇ ಹಿಡಿದು ಕೇಳುವ ಪ್ರಶ್ನೆಗಳನ್ನು ಅಭ್ಯಾಸ ಮಾಡಿಸಿ. “950 ಡಿಗ್ರಿಯಲ್ಲಿ ಹೋದ ತೂಕವನ್ನು 2.27ರಿಂದ ಗುಣಿಸಿದ್ದೀಯಲ್ಲ, ಆ ಸಂಖ್ಯೆ ಎಲ್ಲಿಂದ ಬಂತು?” ಕ್ಯಾಲ್ಸಿಯಂ ಕಾರ್ಬೊನೇಟ್ 100 ಗ್ರಾಂ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ 44 ಗ್ರಾಂ ಹೋಗುತ್ತದೆ, ಅದರ ತಿರುವು ಮುರುವು ಎಂದು ಅವಳು ಹೇಳಿದರೆ ವಿಧಾನ ಕೈಗೆ ಬಂದಿದೆ. “ಹಾಳೆಯಲ್ಲಿ ಹಾಗಿತ್ತು” ಎಂದರೆ ಬಂದಿಲ್ಲ; ಅದು ಅವಳ ತಪ್ಪೂ ಅಲ್ಲ, ಇನ್ನೊಂದು ಸುತ್ತು ಬೇಕು ಅಷ್ಟೆ. “ನಾಳೆ ನಾನು ಬರದಿದ್ದರೆ ಬೆಳಗ್ಗೆ ಮೊದಲು ಏನು ಮಾಡುತ್ತೀಯ?” ಎಂಬುದೂ ಒಳ್ಳೆಯ ಪ್ರಶ್ನೆ. “ಈ ಬಿಂದು ಉಳಿದವುಗಳಿಂದ ದೂರ ಇದೆಯಲ್ಲ, ಇಟ್ಟುಕೊಳ್ಳೋಣವಾ ಬಿಡೋಣವಾ, ಯಾಕೆ?” ಎಂಬುದು ಇನ್ನೂ ಒಳ್ಳೆಯದು.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿಸಬೇಕು. ಜೋಡಿ ಅಭ್ಯಾಸದಲ್ಲಿ ಗಡಿಯಾರ ಇಟ್ಟು ನೋಡಿ: ಹೆಚ್ಚಿನವರು ಎರಡು ಸೆಕೆಂಡ್ ಕಾಯಲಾರದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಐದು ಸೆಕೆಂಡ್ ಸುಮ್ಮನಿರುವುದು ಆರಂಭದಲ್ಲಿ ಅಸಹನೀಯ ಅನಿಸುತ್ತದೆ, ಯೋಚಿಸುತ್ತಿರುವವರಿಗೆ ಮಾತ್ರ ಅದು ಅತಿ ಕಡಿಮೆ.

ಮೊದಲ ದಿನ ಇಬ್ಬರೂ ಕೂತು ಒಂದು ಪುಟದ ಒಪ್ಪಂದ ಬರೆಯಲಿ. ಸಿದ್ಧ ನಮೂನೆಗೆ ಸಹಿ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ಇಬ್ಬರೂ ಬೇರೆ ಬೇರೆ ಕೂತು ಬರೆದು ಆಮೇಲೆ ಹೋಲಿಸಬೇಕು. ಭೇದ ಕಂಡಲ್ಲೇ ಮಾತಾಡಬೇಕಾದ ವಿಷಯ ಇರುತ್ತದೆ. ಕೆಲಸದ ಗಂಟೆ, ರಾತ್ರಿ ಬಂದ ಸಂದೇಶಕ್ಕೆ ಉತ್ತರಿಸಬೇಕೇ, ರಜೆ ಕೇಳುವುದು ಯಾರನ್ನು, ಫೈಲುಗಳ ಹೆಸರು ಹೇಗೆ, ಕರಡಿಗೆ ಎಷ್ಟು ದಿನದಲ್ಲಿ ಪ್ರತಿಕ್ರಿಯೆ, ಲೇಖನವಾದರೆ ಹೆಸರು ಬರಲು ಯಾವ ಮಟ್ಟದ ಕೊಡುಗೆ ಬೇಕು, ಮಾರ್ಗದರ್ಶಕರ ಮೇಲೆಯೇ ದೂರಿದ್ದರೆ ಯಾರ ಬಳಿ ಹೋಗಬೇಕು. ಕೊನೆಯ ಸಾಲನ್ನು ಸಂಕೋಚದಿಂದ ಬಿಟ್ಟುಬಿಡುವವರು ಬಹಳ. ಅದೇ ಎಲ್ಲಕ್ಕಿಂತ ಮುಖ್ಯ. ಎರಡು ವಾರ ದಿನಾ ಹತ್ತು ನಿಮಿಷ, ಆಮೇಲೆ ವಾರಕ್ಕೊಮ್ಮೆ 45 ನಿಮಿಷ ಭೇಟಿ ಇರಲಿ. ಭೇಟಿಯ ವಿಷಯಪಟ್ಟಿಯನ್ನು ಕಿರಿಯಳೇ ಬರೆದು ತರಬೇಕು. ಮೂರನೇ ವಾರದ ಹೊತ್ತಿಗೆ ಮಾತಿನ ಲಗಾಮು ಅವಳ ಕೈಯಲ್ಲಿರಬೇಕು.

ಬಯಲಿನಲ್ಲಿ

ಔಟ್‌ಕ್ರಾಪ್ (ನೆಲದ ಮೇಲೆ ತೆರೆದು ಕಾಣುವ ಬಂಡೆ) ಎದುರು ನಿಂತಾಗ ಮಾರ್ಗದರ್ಶಕರು ಮಾಡುವ ದೊಡ್ಡ ತಪ್ಪು ಹೆಸರು ಹೇಳಿಬಿಡುವುದು. “ಇದು ಟರ್ಬಿಡೈಟ್” (ನೀರಡಿಯ ಕೆಸರಿನ ಹರಿವು ಬಿಟ್ಟುಹೋದ ಪದರ) ಎಂದರೆ ಮುಗಿಯಿತು, ಆಮೇಲೆ ವಿದ್ಯಾರ್ಥಿಗೆ ಕಾಣುವುದು ಟರ್ಬಿಡೈಟ್ ಮಾತ್ರ. ಮೊದಲ ಹತ್ತು ನಿಮಿಷ ಇಬ್ಬರೂ ಮಾತಿಲ್ಲದೆ ಚಿತ್ರ ಬರೆಯಬೇಕು. ಅಳತೆಗೋಲು, ದಿಕ್ಕು ಚಿತ್ರದಲ್ಲೇ ಇರಲಿ. ಆಮೇಲೆ ಕಂಡದ್ದು: ಕಣದ ಗಾತ್ರ, ಬಣ್ಣ, ಪದರದ ದಪ್ಪ, ಎರಡು ಪದರ ಸೇರುವ ಅಂಚು ಚೂಪೋ ಮಸುಕೋ. ನೋಟ್‌ಬುಕ್ಕಿನ ಎಡಪುಟಕ್ಕೆ ಕಂಡದ್ದು, ಬಲಪುಟಕ್ಕೆ ಅನಿಸಿದ್ದು ಎಂಬ ಸರಳ ನಿಯಮ ಬಹಳ ಕೆಲಸ ಮಾಡುತ್ತದೆ. “ಮೇಲಕ್ಕೆ ಹೋದಂತೆ ಕಣ ಚಿಕ್ಕದಾಗುತ್ತದೆ” ಎಂಬುದು ಎಡಕ್ಕೆ, “ಹರಿವು ನಿಧಾನವಾಗಿರಬೇಕು” ಎಂಬುದು ಬಲಕ್ಕೆ.

ಬಲಪುಟದಲ್ಲಿ ಕನಿಷ್ಠ ಎರಡು ವಿವರಣೆ ಇರಬೇಕು, ಅವೆರಡನ್ನು ಬೇರ್ಪಡಿಸಬಲ್ಲ ಒಂದು ಸಾಕ್ಷ್ಯವೂ ಇರಬೇಕು. ಅಮೆರಿಕದ ಭೂವಿಜ್ಞಾನಿ ಥಾಮಸ್ ಚೇಂಬರ್ಲಿನ್ 1890ರಲ್ಲೇ ಈ ಮಾತು ಹೇಳಿದ್ದರು: ಒಂದೇ ಊಹೆಯನ್ನು ಸಾಕಿಕೊಂಡವರಿಗೆ ಅದರ ಮೇಲೆ ಹೆತ್ತ ಕರುಳಿನ ಮೋಹ ಹುಟ್ಟುತ್ತದೆ, ಹಲವು ಊಹೆಗಳನ್ನು ಒಟ್ಟಿಗೆ ಇಟ್ಟುಕೊಂಡವರು ಅದರಿಂದ ಪಾರಾಗುತ್ತಾರೆ. ಇದನ್ನು ಮಾರ್ಗದರ್ಶಕರು ತಮಗೂ ಅನ್ವಯಿಸಿಕೊಳ್ಳಬೇಕು. ತಮ್ಮ ಪ್ರಬಂಧದ ವಾದಕ್ಕೆ ವಿರುದ್ಧವಾದ ಗುರುತನ್ನು ಕಿರಿಯಳು ತೋರಿಸಿದಾಗ ಮೊದಲ ಪ್ರತಿಕ್ರಿಯೆ ಏನಿರುತ್ತದೆಯೋ, ಆ ಗುಂಪಿನಲ್ಲಿ ಆಮೇಲೆ ಯಾರು ಏನನ್ನು ತೋರಿಸುತ್ತಾರೆ ಎಂಬುದು ಅದರ ಮೇಲೆ ನಿಂತಿದೆ. ಈ ಸನ್ನಿವೇಶವನ್ನು ತರಬೇತಿಯಲ್ಲಿ ಪಾತ್ರ ಹಾಕಿ ಆಡಿಸಿ ನೋಡಬೇಕು.

ಸ್ಯಾಂಪಲ್ ವಿಷಯ ಚಿಕ್ಕದು, ನಷ್ಟ ದೊಡ್ಡದು. ಸಂಖ್ಯೆಯನ್ನು ಕಲ್ಲಿನ ಮೇಲೆ, ಚೀಲದ ಮೇಲೆ, ನೋಟ್‌ಬುಕ್ಕಿನಲ್ಲಿ, ಮೂರು ಕಡೆ ಬರೆಯಬೇಕು. ಚೀಲದೊಳಗೆ ಹಾಕಿದ ಕಾಗದದ ಚೀಟಿ ಒದ್ದೆ ಕಲ್ಲಿನ ಜೊತೆ ಕೊಳೆತು ಪುಡಿಯಾಗುತ್ತದೆ. ಜಿಪಿಎಸ್ ಓದಿನ ಜೊತೆ ಡೇಟಮ್ (ಅಕ್ಷಾಂಶ, ರೇಖಾಂಶ ಎಣಿಸಲು ಆಧಾರವಾಗಿಟ್ಟ ಭೂಮಿಯ ಮಾದರಿ) ಯಾವುದು ಎಂದು ಬರೆಯದಿದ್ದರೆ, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ರಲ್ಲಿ ಓದಿದ್ದನ್ನು ಹಳೆಯ ನಕ್ಷೆಯ ಮೇಲೆ ಹಾಕಿದಾಗ ಬಿಂದು ನೂರಾರು ಮೀಟರ್ ಆಚೆ ಹೋಗಿ ಕೂರಬಹುದು.

ಸುರಕ್ಷತೆಯ ಬಗ್ಗೆ ಮಾತ್ರ ಅವಸರ ಬೇಡ. ಬಯಲಿಗೆ ಕರೆದೊಯ್ಯುವ ಪಿಎಚ್‌.ಡಿ. ವಿದ್ಯಾರ್ಥಿ ಅಲ್ಲಿ ಸಹಪಾಠಿಯಲ್ಲ, ಹೊಣೆಗಾರ. ವಾಹನ, ಊಟ, ಮಲಗುವ ಜಾಗ, ಹಿಂತಿರುಗುವ ದಾರಿ ಎಲ್ಲವೂ ಅವನ ಕೈಯಲ್ಲಿರುವಾಗ ಕಿರಿಯರಿಗೆ “ಬೇಡ” ಎನ್ನುವುದು ಎಷ್ಟು ಕಷ್ಟ ಎಂಬುದನ್ನು ತರಬೇತಿಯಲ್ಲಿ ಬಿಡಿಸಿ ಹೇಳಬೇಕು. 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 666 ಮಂದಿ ಕ್ಷೇತ್ರ ಸಂಶೋಧಕರು ಉತ್ತರಿಸಿದ್ದರು. ಅವರಲ್ಲಿ ಸುಮಾರು 64 ಪ್ರತಿಶತ ಜನ ಕ್ಷೇತ್ರಕಾರ್ಯದಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು, ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೈಂಗಿಕ ಹಲ್ಲೆ. ತಾವಾಗಿ ಮುಂದೆ ಬಂದವರ ಸಮೀಕ್ಷೆ ಅದು, ಹಲವು ವಿಜ್ಞಾನ ಶಾಖೆಯವರು ಅದರಲ್ಲಿದ್ದರು, ಹಾಗಾಗಿ ಅಂಕಿಯನ್ನು ಎಲ್ಲ ಕಡೆಗೂ ಹಾಗೇ ಹಚ್ಚಲಾಗದು, ತಳ್ಳಿಹಾಕಲೂ ಆಗದು. ಭೂವಿಜ್ಞಾನಿಗಳ ಸಂಘವಾದ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ 2017ರಲ್ಲಿ ಕಿರುಕುಳವನ್ನು ವೈಜ್ಞಾನಿಕ ದುರ್ನಡತೆಯ ಸಾಲಿಗೆ ಸೇರಿಸಿತು. ದತ್ತಾಂಶ ತಿರುಚುವುದು ಎಷ್ಟು ಗಂಭೀರವೋ ಇದೂ ಅಷ್ಟೇ ಎಂದು ಮಾರ್ಗದರ್ಶಕರಿಗೆ ಮೊದಲ ದಿನವೇ ಹೇಳಬೇಕು.

ಹೊರಡುವ ಒಂದು ವಾರ ಮುಂಚೆ ತಂಡಕ್ಕೆ ಒಂದು ಹಾಳೆ ತಲುಪಬೇಕು. ದಿನಕ್ಕೆ ಎಷ್ಟು ನಡಿಗೆ, ಎಷ್ಟು ಏರು, ನೆರಳಿದೆಯೇ, ನೀರು ಎಷ್ಟು ಹೊರಬೇಕು, ಫೋನ್ ಸಿಗ್ನಲ್ ಎಲ್ಲಿಯವರೆಗೆ, ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು, ಶೌಚಕ್ಕೆ ಏನು ವ್ಯವಸ್ಥೆ. ಕೊನೆಯದನ್ನು ಕೇಳಲು ಎಲ್ಲರಿಗೂ ಮುಜುಗರ. ಕೇಳುವ ಪರಿಸ್ಥಿತಿಯೇ ಬರದಂತೆ ಹಾಳೆಯಲ್ಲಿ ಬರೆದುಬಿಡಿ. ಮುಟ್ಟಿನ ದಿನಗಳಿಗೆ ಬೇಕಾದ ಸಾಮಗ್ರಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲೇ ಇರಲಿ. ಬೂಟು, ಮಳೆಕೋಟು ಕೊಳ್ಳಲಾಗದವರಿಗೆ ವಿಭಾಗದಿಂದ ಸಿಗಬೇಕು, ಅದನ್ನೂ ಎಲ್ಲರಿಗೂ ಒಂದೇ ಸಮ ಹೇಳಬೇಕು. ನಡೆಯಲು ಕಷ್ಟವಿರುವ ವಿದ್ಯಾರ್ಥಿಯಿದ್ದರೆ, ವಾಹನ ಹೋಗುವ ಔಟ್‌ಕ್ರಾಪ್‌ಗಳನ್ನೇ ಆರಿಸಿ ಇಡೀ ಯೋಜನೆ ಕಟ್ಟಬಹುದೇ ಎಂದು ಮೊದಲು ನೋಡಬೇಕು. ಗುಡ್ಡ ಹತ್ತುವ ಬಲವನ್ನು ಭೂವಿಜ್ಞಾನದ ಬುದ್ಧಿಯೆಂದು ತಪ್ಪು ತಿಳಿಯುವ ಹಳೆಯ ಚಟ ನಮ್ಮ ಕ್ಷೇತ್ರಕ್ಕೆ ಇದೆ. ಯಾರು ನಕ್ಷೆ ಹಿಡಿಯುತ್ತಾರೆ, ಯಾರು ಬರೆದುಕೊಳ್ಳುತ್ತಾರೆ, ಯಾರು ಅಡುಗೆಗೆ ನಿಲ್ಲುತ್ತಾರೆ ಎಂಬುದು ದಿನಾ ಸರದಿಯ ಮೇಲೆ ಬದಲಾಗಲಿ. ತಾನಾಗಿ ಬಿಟ್ಟರೆ ನಕ್ಷೆ ಎರಡೇ ಕೈಯಲ್ಲಿ ಉಳಿಯುತ್ತದೆ.

ಯಾವ ತಪ್ಪನ್ನು ಆಗಲು ಬಿಡಬೇಕು

ಪ್ರಯೋಗಾಲಯದಲ್ಲಿ ನಾಲ್ಕು ಸುತ್ತು: ಮಾರ್ಗದರ್ಶಕಿ ಜೋರಾಗಿ ಹೇಳುತ್ತಾ ಮಾಡುತ್ತಾಳೆ, ಇಬ್ಬರೂ ಸೇರಿ ಮಾಡುತ್ತಾರೆ, ಕಿರಿಯ ಮಾಡುತ್ತಾನೆ ಮಾರ್ಗದರ್ಶಕಿ ಕೈಕಟ್ಟಿ ನೋಡುತ್ತಾಳೆ, ಕಿರಿಯ ಇನ್ನೊಬ್ಬರಿಗೆ ಕಲಿಸುತ್ತಾನೆ. ಕಟ್ಟಡ ಏಳುತ್ತಿದ್ದಂತೆ ಸಾರವೆ ಬಿಚ್ಚುವ ಕೆಲಸ ಇದು. ಮೂರನೆಯ ಸುತ್ತು ಎಲ್ಲರಿಗೂ ಕಷ್ಟ, ಕಂಪ್ಯೂಟರ್ ಮುಂದೆ ಇನ್ನೂ ಕಷ್ಟ. ಕೋಡ್ ನಿಂತಾಗ ಹಿರಿಯರ ಕೈ ತಾನಾಗಿ ಕೀಬೋರ್ಡಿಗೆ ಹೋಗುತ್ತದೆ, ಮೂವತ್ತು ಸೆಕೆಂಡಿನಲ್ಲಿ ಸರಿಯಾಗುತ್ತದೆ, ಕಿರಿಯನಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಕೀಬೋರ್ಡ್ ಕಿರಿಯನದ್ದು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ.

ತಪ್ಪು ಆಗುತ್ತಿರುವುದು ಕಣ್ಣಿಗೆ ಬಿದ್ದಾಗ ತಡೆಯಬೇಕೇ ಬಿಡಬೇಕೇ ಎಂಬುದಕ್ಕೆ ಒಂದು ಅಳತೆ ಬೇಕು. ಸರಿಪಡಿಸಲು ಅರ್ಧ ದಿನಕ್ಕಿಂತ ಕಡಿಮೆ ಸಾಕು, ಹಿಂದಕ್ಕೆ ಬರಬಹುದು ಎಂದಾದರೆ ಬಿಡಿ, ಅವನೇ ಕಂಡುಕೊಳ್ಳಲಿ. ಮೈಗೆ ಅಪಾಯ, ಮತ್ತೆ ಸಿಗದ ಸ್ಯಾಂಪಲ್, ಬೇರೆಯವರ ದತ್ತಾಂಶ ಈ ಮೂರರಲ್ಲಿ ಒಂದಿದ್ದರೂ ತಕ್ಷಣ ತಡೆಯಿರಿ. ಪುಡಿ ಮಾಡುವ ಮುಂಚೆ ಪ್ರತಿ ಕಲ್ಲಿನ ಒಂದು ತುಂಡನ್ನು ಎತ್ತಿಟ್ಟರೆ, ಹೂಳಿನ ಕೋರನ್ನು (ತಳದಿಂದ ಕೊಳವೆಯಲ್ಲಿ ತೆಗೆದ ಉದ್ದನೆಯ ತುಂಡು) ಉದ್ದಕ್ಕೆ ಸೀಳಿ ಒಂದು ಹೋಳನ್ನು ಮುಟ್ಟದೆ ಕಾಪಿಟ್ಟರೆ, ಹಿಂದಕ್ಕೆ ಬರಬಹುದಾದ ತಪ್ಪುಗಳ ಪಟ್ಟಿ ದೊಡ್ಡದಾಗುತ್ತದೆ, ಕಲಿಯಲು ಜಾಗ ಸಿಗುತ್ತದೆ. ಕಲ್ಲನ್ನು ಕರಗಿಸುವ, ಮೈಗೆ ತೀರಾ ಅಪಾಯಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲದ ಹೆಜ್ಜೆಯಿದ್ದರೆ ಅದು ಕಿರಿಯರ ಕೆಲಸವೇ ಅಲ್ಲ. ಅದರ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಂತಿಟ್ಟುಕೊಂಡು, ತರಬೇತಾದ ಇಬ್ಬರಿದ್ದಾಗಲಷ್ಟೇ ಮಾಡುವ ಕೆಲಸ ಅದು.

ದತ್ತಾಂಶಕ್ಕೆ ಒಂದು ಒಳ್ಳೆಯ ಅಭ್ಯಾಸವಿದೆ. ನಲವತ್ತು ಸಾಲಿನ ಒಂದು ಪಟ್ಟಿಯಲ್ಲಿ ಐದು ತಪ್ಪು ಅಡಗಿಸಿಟ್ಟು ಮಾರ್ಗದರ್ಶಕರಿಗೇ ಮೊದಲು ಕೊಡಿ. 12 ಡಿಗ್ರಿ 30 ನಿಮಿಷವನ್ನು 12.5 ಎಂದು ಬರೆಯುವ ಬದಲು 12.30 ಎಂದು ಬರೆದದ್ದು. ಅಕ್ಷಾಂಶ, ರೇಖಾಂಶ ಅದಲುಬದಲಾದದ್ದು. ಒಂದು ಫೈಲಿನಲ್ಲಿ ರೇಖಾಂಶ 0ಯಿಂದ 360, ಇನ್ನೊಂದರಲ್ಲಿ ಮೈನಸ್ 180ರಿಂದ 180. ಅಳತೆ ಇಲ್ಲದ ದಿನಕ್ಕೆ ತುಂಬಿದ ಮೈನಸ್ 9999 ಸರಾಸರಿಯೊಳಗೆ ಸೇರಿಕೊಂಡದ್ದು. ಭೂಕಂಪನದ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ಟಿಪ್ಪಣಿ ಸ್ಥಳೀಯ ಸಮಯದಲ್ಲಿ. ಹುಡುಕುವಾಗ ಬಾಯಿಬಿಟ್ಟು ಯೋಚಿಸಲು ಹೇಳಿ. “ಮೊದಲು ನಕ್ಷೆಯ ಮೇಲೆ ಹಾಕಿ ನೋಡುತ್ತೇನೆ, ಸಮುದ್ರದಲ್ಲಿ ಬಿದ್ದ ಬಿಂದು ಇದೆಯಾ” ಎಂಬಂಥ ಮಾತೇ ಕಿರಿಯರಿಗೆ ದಾಟಿಸಬೇಕಾದ ವಿದ್ಯೆ. ಆ ಮಾತನ್ನು ಅವರು ತಮ್ಮೊಳಗೇ ಆಡಿಕೊಂಡು ಮುಂದೆ ಹೋಗುವುದೇ ರೂಢಿಯಾಗಿರುತ್ತದೆ.

ಕರಡು ತಿದ್ದುವಾಗ ಕೆಂಪು ಶಾಯಿಯಲ್ಲಿ ಮುಳುಗಿಸಬಾರದು. ಮೊದಲ ಓದಿನಲ್ಲಿ ವಾದ ಮತ್ತು ಚಿತ್ರಗಳ ಬಗ್ಗೆ ಹೆಚ್ಚೆಂದರೆ ಮೂರು ಮಾತು, ವಾಕ್ಯದ ತಪ್ಪು ಕೊನೆಯ ಓದಿಗೆ. ಎರಡು ದಿನದೊಳಗೆ ಹಿಂತಿರುಗಿಸಿ.

ವೇಳಾಪಟ್ಟಿ, ಗೈಡ್ ಪಾಲು

ಒಂದೇ ದಿನದ ಕಾರ್ಯಾಗಾರದಿಂದ ಇದು ಬರುವುದಿಲ್ಲ. ಕಿರಿಯರು ಬರುವ ಮುಂಚೆ ತಲಾ 90 ನಿಮಿಷದ ನಾಲ್ಕು ತರಗತಿ, ಅವರಿದ್ದಾಗ ಎರಡು ವಾರಕ್ಕೊಮ್ಮೆ ಒಂದು ಗಂಟೆಯ ಕೂಟ. ಈ ಕೂಟವೇ ತರಬೇತಿಯ ಜೀವ. ಆ ಹೊತ್ತಿಗೆ ಪ್ರಶ್ನೆಗಳು ಪುಸ್ತಕದ್ದಾಗಿರುವುದಿಲ್ಲ: “ಅವನು ದಿನಾ ತಡವಾಗಿ ಬರುತ್ತಾನೆ”, “ಅವಳು ಏನನ್ನೂ ಕೇಳುವುದಿಲ್ಲ”, “ಗೈಡ್ ಅವಳಿಗೆ ನೇರವಾಗಿ ಬೇರೆಯೇ ಕೆಲಸ ಹೇಳಿದ್ದಾರೆ”. ಆರರಿಂದ ಎಂಟು ಜನ ಸಾಕು, ನಡೆಸುವವರು ಅವರಲ್ಲಿ ಯಾರ ಗೈಡೂ ಆಗಿರಬಾರದು.

ಕೊನೆಯ ದೂರು ಎಷ್ಟೋ ಸಲ ನಿಜ. ಗೈಡ್ ಒಂದು ಹೇಳಿ ಮಾರ್ಗದರ್ಶಕ ಇನ್ನೊಂದು ಹೇಳಿದರೆ ಕಿರಿಯಳು ಎರಡನ್ನೂ ಮಾಡಲು ಹೋಗಿ ಸೋಲುತ್ತಾಳೆ. ಎರಡು ವಾರಕ್ಕೊಮ್ಮೆ ಮೂವರೂ ಅರ್ಧ ಗಂಟೆ ಕೂತು, ತೀರ್ಮಾನವನ್ನು ಕಿರಿಯಳೇ ಬರೆದು ಮೂವರಿಗೂ ಕಳಿಸುವುದು ಇದಕ್ಕೆ ಮದ್ದು. ಮಾರ್ಗದರ್ಶನಕ್ಕೆ ಮೊದಲ ಎರಡು ವಾರ ವಾರಕ್ಕೆ 15 ಗಂಟೆ, ಆಮೇಲೆ 6ರಿಂದ 8 ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಂಡು, ಅಷ್ಟರಮಟ್ಟಿಗೆ ಪಿಎಚ್‌.ಡಿ. ವಿದ್ಯಾರ್ಥಿಯ ಸ್ವಂತ ಕೆಲಸದ ಗುರಿಯನ್ನು ಗೈಡ್ ತಗ್ಗಿಸಬೇಕು. ಇದನ್ನು ಬರೆದು ಕೊಡದ ಗೈಡ್‌ಗೆ ಕಿರಿಯರನ್ನು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾರ್ಗದರ್ಶನ ಮಾಡಲು ಮನಸ್ಸಿಲ್ಲದ ವಿದ್ಯಾರ್ಥಿಗೆ ಒಲ್ಲೆ ಎನ್ನುವ ಹಕ್ಕೂ ಇರಬೇಕು.

ಕಿರಿಯರ ಅಭಿಪ್ರಾಯವನ್ನು ಮೂರನೇ ವಾರದಲ್ಲಿ ಕೇಳಿ. ಹತ್ತನೇ ವಾರ ಕೇಳಿದರೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ನಾಲ್ಕೇ ಜನರಿರುವಾಗ ಹೆಸರಿಲ್ಲದ ನಮೂನೆಯಿಂದ ಹೆಸರು ಮುಚ್ಚುವುದಿಲ್ಲ, ಬರವಣಿಗೆಯಿಂದಲೇ ಗುರುತು ಸಿಗುತ್ತದೆ. ಹೊರಗಿನವರೊಬ್ಬರು ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಮಾತಾಡಿ, ಎಲ್ಲರ ಮಾತನ್ನು ಸೇರಿಸಿ ಮಾರ್ಗದರ್ಶಕರ ಕೂಟಕ್ಕೆ ಹೇಳುವುದು ಉತ್ತಮ.

ಕೊನೆಯ ವಾರ ದತ್ತಾಂಶದ ಫೋಲ್ಡರನ್ನು ಗುಂಪಿನ ಬೇರೊಬ್ಬರಿಗೆ ಕೊಟ್ಟು, ಏನನ್ನೂ ಕೇಳದೆ ಪೋಸ್ಟರಿನ ಒಂದು ಚಿತ್ರವನ್ನು ಮತ್ತೆ ಬರೆಯಲು ಹೇಳಿ. ಅವರು ಎಲ್ಲಿ ನಿಂತರೋ ಅಲ್ಲಿ ಟಿಪ್ಪಣಿ ಸೇರಿಸಬೇಕು. ಮಾರ್ಗದರ್ಶಕರಿಗೂ ಒಂದು ಕೆಲಸ, ಅದು ಮೊದಲ ವಾರದಿಂದಲೇ ಶುರು: ಪ್ರತಿ ಶುಕ್ರವಾರ ಐದು ನಿಮಿಷ ಕೂತು, ಆ ವಾರ ಕಿರಿಯಳು ತಾನಾಗಿ ಮಾಡಿದ ಒಂದು ಸಂಗತಿಯನ್ನು ದಿನಾಂಕದ ಸಮೇತ ಬರೆದಿಡುವುದು. “ನಾಲ್ಕನೇ ವಾರ: ಖಾಲಿ ಕ್ರೂಸಿಬಲ್ಲುಗಳ ತೂಕ ದಿನದಿಂದ ದಿನಕ್ಕೆ ಏರುತ್ತಿರುವುದನ್ನು ತಾನೇ ಗಮನಿಸಿ, ತಕ್ಕಡಿ ಪರೀಕ್ಷಿಸಲು ಕೇಳಿದಳು.” ವರ್ಷ ಕಳೆದು ಅವಳಿಗೆ ಶಿಫಾರಸು ಪತ್ರ ಬರೆಯುವಾಗ ಗೈಡ್ ಕೈಗೆ ಬೇಕಾಗುವುದು ಈ ಹತ್ತು ಸಾಲು. ಅವು ಇಲ್ಲದಿದ್ದರೆ ಪತ್ರದಲ್ಲಿ “ಶ್ರಮಜೀವಿ, ಬುದ್ಧಿವಂತೆ” ಎಂಬೆರಡು ಪದ ಬಿಟ್ಟು ಬೇರೇನೂ ಇರುವುದಿಲ್ಲ.